ಶುಗರ್ ಇರುವವರ ಹೊಟ್ಟೆಗೆ ಗಿಡದ ಸಾರ ಕಾವಲಾದೀತೇ? ಪರ – ವಿರೋಧ

ಲಾಲ್‌ಬಾಗ್ ಗೇಟಿನ ಹೊರಗೆ ಬೆಳಿಗ್ಗೆ ಆರೂವರೆಗೆ ಬಂದು ನೋಡಿ. ಸ್ಟೀಲ್ ಕ್ಯಾನುಗಳು ಸಾಲಾಗಿ ಕೂತಿರುತ್ತವೆ. ಹಾಗಲಕಾಯಿ, ಸೋರೆಕಾಯಿ, ನೆಲ್ಲಿಕಾಯಿ, ಬೇವು, ಲೋಳೆಸರ, ಅಮೃತಬಳ್ಳಿ. ವಾಕಿಂಗ್ ಮುಗಿಸಿದವರು ಒಂದೊಂದು ಲೋಟ ತಗೊಂಡು, ಕಹಿಗೆ ಮುಖ ಕಿವುಚಿ, ಒಂದೇ ಗುಟುಕಿಗೆ ಇಳಿಸುತ್ತಾರೆ. ಮಾತಿಗೆ ನಿಂತರೆ ಹೆಚ್ಚಿನವರಿಗೆ ಶುಗರ್. ಅದರ ಜೊತೆಗೆ ಹುಳಿತೇಗು, ಹೊಟ್ಟೆ ಉಬ್ಬರ, ಎರಡು ತುತ್ತಿಗೇ ಸಾಕು ಅನ್ನಿಸುವುದು. ಇದಕ್ಕೆಲ್ಲ ನಾವು ಇಟ್ಟುಕೊಂಡಿರುವ ಹೆಸರು ಒಂದೇ: ಗ್ಯಾಸ್ಟ್ರಿಕ್.

"ಶುಗರ್‌ಗೂ ಆಯ್ತು, ಗ್ಯಾಸ್ಟ್ರಿಕ್‌ಗೂ ಆಯ್ತು" ಅಂತ ನನ್ನ ಅಮ್ಮನೂ ಎರಡು ವರ್ಷ ಇಲ್ಲಿ ನಿಂತು ಕುಡಿದಿದ್ದಾರೆ. ನಾನು ಓದಿದ್ದು ಫಾರ್ಮಸಿ. ಎಂ.ಫಾರ್ಮ್ ಮಾಡುವಾಗ ಇದೇ ಊರಿನ ಒಂದು ಲ್ಯಾಬಿನಲ್ಲಿ, ಶುಗರ್ ಬರಿಸಿದ ಇಲಿಗಳ ಹೊಟ್ಟೆಯನ್ನು ಬೇವಿನ ಎಲೆಯ ಸಾರ ಕಾಪಾಡುತ್ತದೆಯೇ ಅಂತ ತಿಂಗಳುಗಟ್ಟಲೆ ನೋಡಿದ್ದೇನೆ. ಹಾಗಾಗಿ ಈ ಪ್ರಶ್ನೆಗೆ ನನ್ನೊಳಗೆ ಎರಡು ಉತ್ತರ ಇವೆ. ಒಂದು ಇನ್ನೊಂದರ ಬಾಯಿ ಮುಚ್ಚಿಸದ ಹಾಗೆ, ಬೇರೆ ಬೇರೆಯಾಗಿಯೇ ಬರೆಯುತ್ತಿದ್ದೇನೆ.

ಪರ: ಕಾಪಾಡುವ ಗುಣ ಇದೆ, ಅದನ್ನು ಕೈಬಿಡಬಾರದು

ಇಲಿಯ ಹೊಟ್ಟೆ ಹೆಬ್ಬೆರಳಿನಷ್ಟು ಇರುತ್ತದೆ. ಅದರ ಉಬ್ಬಿದ ಅಂಚಿನುದ್ದಕ್ಕೂ ಕತ್ತರಿಸಿ, ಉಪ್ಪುನೀರಿನಲ್ಲಿ ತೊಳೆದು, ಮೇಣದ ಹಲಗೆಯ ಮೇಲೆ ಪಿನ್ ಚುಚ್ಚಿ ಹರಡುತ್ತೇವೆ. ಆರೋಗ್ಯವಾದ ಹೊಟ್ಟೆಯ ಒಳಮೈ ತಿಳಿ ಗುಲಾಬಿ ಬಣ್ಣ. ಮೇಲೆ ಲೋಳೆ ಮಿನುಗುತ್ತಿರುತ್ತದೆ, ಈಗಷ್ಟೇ ಬಿಡಿಸಿದ ಹಲಸಿನ ತೊಳೆಯ ಹಾಗೆ. ಶುಗರ್ ಬರಿಸಿದ ಇಲಿಗೆ ಒಂದು ಎಂ.ಎಲ್. ಆಲ್ಕೋಹಾಲ್ ಕುಡಿಸಿ, ಒಂದು ಗಂಟೆ ಬಿಟ್ಟು ನೋಡಿದರೆ ಆ ಒಳಮೈ ತುಂಬಾ ಕಪ್ಪುಗೆಂಪು ಗೀರುಗಳು. ಬೆಕ್ಕು ಪರಚಿದಂತೆ ಉದ್ದುದ್ದಕ್ಕೆ. ಅದೇ ಶುಗರ್, ಅದೇ ಆಲ್ಕೋಹಾಲ್, ಆದರೆ ಅದಕ್ಕೂ ಮುಂಚೆ ಎರಡು ವಾರ ಬೇವಿನ ಸಾರ ಕುಡಿದ ಇಲಿಯ ಹೊಟ್ಟೆಯಲ್ಲಿ ಗೀರು ನಾಲ್ಕೋ ಐದೋ. ಅವೂ ತೆಳ್ಳಗೆ. ನಾನು ಸ್ಕೇಲ್ ಇಟ್ಟು ಒಂದೊಂದನ್ನೂ ಅಳೆದಿದ್ದೇನೆ. ಯಾವ ಇಲಿಗೆ ಏನು ಕೊಟ್ಟಿದೆ ಅಂತ ಗೊತ್ತಿಲ್ಲದ ಸ್ನೇಹಿತೆಯೊಬ್ಬಳಿಂದಲೂ ಅಳೆಸಿದೆ. ಅವಳ ಲೆಕ್ಕವೂ ಅದೇ ಬಂತು. ಕಣ್ಣಾರೆ ಕಂಡದ್ದನ್ನು ಸುಳ್ಳು ಅನ್ನಲಾರೆ.

ಇದು ಹೇಗೆ ಆಗುತ್ತದೆ? ಮೊದಲು ಹೊಟ್ಟೆ ತನ್ನನ್ನು ತಾನೇ ಹೇಗೆ ಕಾಯುತ್ತದೆ ಅಂತ ನೋಡಬೇಕು. ಇಡ್ಲಿಯನ್ನು ಕರಗಿಸುವ ಆಸಿಡ್ ಹೊಟ್ಟೆಯನ್ನೇ ಯಾಕೆ ಕರಗಿಸುವುದಿಲ್ಲ? ಒಳಗೋಡೆಯ ಮೇಲೆ ಲೋಳೆಯ ಪದರ ಇದೆ. ಆ ಲೋಳೆಯಲ್ಲಿ ಆಸಿಡ್ಡನ್ನು ಸಪ್ಪೆ ಮಾಡುವ ಬೈಕಾರ್ಬನೇಟ್ ಇದೆ. ಅದರ ಕೆಳಗಿನ ಜೀವಕೋಶಗಳು ಕೆಲವೇ ದಿನಗಳಿಗೊಮ್ಮೆ ಹೊಸದಾಗಿ ಹುಟ್ಟುತ್ತವೆ. ಅವಕ್ಕೆಲ್ಲ ರಕ್ತ ಸರಿಯಾಗಿ ಹರಿಯಬೇಕು. ಈ ಕೆಲಸಗಳನ್ನೆಲ್ಲ ನೋಡಿಕೊಳ್ಳುವ ಮೇಸ್ತ್ರಿ ಪ್ರೊಸ್ಟಗ್ಲ್ಯಾಂಡಿನ್ ಅನ್ನುವ ರಾಸಾಯನಿಕ. ಸಕ್ಕರೆ ಜಾಸ್ತಿಯಾದ ಇಲಿಗಳಲ್ಲಿ ಈ ಏರ್ಪಾಡು ಒಂದೊಂದೇ ಕಡೆ ಸಡಿಲವಾಗುವುದು ಕಂಡಿದೆ. ಕೋಶಗಳನ್ನು ಸುಡುವ ಫ್ರೀ ರ‍್ಯಾಡಿಕಲ್‌ಗಳು ಏರುತ್ತವೆ. ಅವನ್ನು ತಡೆಯುವ ಗ್ಲುಟಾಥಯೋನ್ ಇಳಿಯುತ್ತದೆ. ಲೋಳೆ ಕಮ್ಮಿಯಾಗುತ್ತದೆ, ರಕ್ತದ ಹರಿವು ಸೊರಗುತ್ತದೆ. ಆದ ಗಾಯ ಬೇಗ ಮಾಯುವುದಿಲ್ಲ. ಶುಗರ್ ಇದ್ದವರ ಕಾಲಿನ ಗಾಯ ಮಾಯುವುದಿಲ್ಲ ಅಂತ ನಮಗೆಲ್ಲ ಗೊತ್ತು. ಹೊಟ್ಟೆಯೊಳಗಿನ ಗಾಯ ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ.

ಗಿಡದ ಸಾರ ಕೆಲಸ ಮಾಡುವುದು ಈ ಸಡಿಲವಾದ ಜಾಗಗಳಲ್ಲೇ. 2004ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಸಂಶೋಧಕರು ಶುಗರ್ ಬರಿಸಿದ ಇಲಿಗಳಿಗೆ ನೀರುಬ್ರಾಹ್ಮಿ ಮತ್ತು ಬೇವಿನ ಎಲೆಯ ಸಾರ ಕೊಟ್ಟು ನೋಡಿದರು. ಎರಡೂ ಹೊಟ್ಟೆಯ ಹುಣ್ಣನ್ನು ಕಮ್ಮಿ ಮಾಡಿದವು. ಇದರಲ್ಲಿ ನನಗೆ ತುಂಬಾ ಹಿಡಿಸಿದ ಸಂಗತಿ ಬೇರೆ. ಬೇವು ರಕ್ತದ ಸಕ್ಕರೆಯನ್ನೂ ಇಳಿಸಿತು. ಬ್ರಾಹ್ಮಿ ಸಕ್ಕರೆಯ ತಂಟೆಗೇ ಹೋಗಲಿಲ್ಲ. ಆದರೂ ಹೊಟ್ಟೆಯನ್ನು ಕಾಪಾಡಿತು. ಅಂದರೆ ಸಕ್ಕರೆ ಇಳಿದದ್ದಕ್ಕೆ ಹೊಟ್ಟೆ ಸುಧಾರಿಸಿತು ಅನ್ನುವುದಷ್ಟೇ ಅಲ್ಲ. ಹೊಟ್ಟೆಯ ಗೋಡೆಗೇ ನೇರವಾಗಿ ಬಲ ಕೊಡುವ ಏನೋ ಒಂದು ಗಿಡದಲ್ಲಿದೆ.

"ಇಲಿ ಬಿಡಿ, ಮನುಷ್ಯರ ಮಾತು ಹೇಳಿ" ಅನ್ನುತ್ತೀರಿ. ಹೇಳೋಣ. ಅದೇ 2004ರಲ್ಲಿ ಕೋಲ್ಕತ್ತಾದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಕೆಮಿಕಲ್ ಬಯಾಲಜಿಯವರು ಬೇವಿನ ತೊಗಟೆಯ ಸಾರವನ್ನು ಮನುಷ್ಯರಿಗೇ ಕೊಟ್ಟು ನೋಡಿದರು. 30 ಮಿಲಿಗ್ರಾಂ, ದಿನಕ್ಕೆ ಎರಡು ಸಲ, 10 ದಿನ. ಹೊಟ್ಟೆಯ ಆಸಿಡ್ ಶೇ 77ರಷ್ಟು ಇಳಿಯಿತು. 10 ವಾರ ಕೊಟ್ಟಾಗ ಸಣ್ಣಕರುಳಿನ ಹುಣ್ಣು ಹೆಚ್ಚುಕಮ್ಮಿ ಪೂರ್ತಿ ಮಾಯಿತು. 2008ರಲ್ಲಿ 24 ಆರೋಗ್ಯವಂತರಿಗೆ 1200 ಮಿಲಿಗ್ರಾಂ ಶುಂಠಿ ಕೊಟ್ಟು ನೋಡಿದಾಗ ಹೊಟ್ಟೆ ಬೇಗ ಖಾಲಿಯಾಯಿತು. 2023ರಲ್ಲಿ ಥಾಯ್ಲೆಂಡಿನಲ್ಲಿ ಅಜೀರ್ಣದಿಂದ ಬಳಲುತ್ತಿದ್ದ 206 ಜನರನ್ನು ಸೇರಿಸಿಕೊಂಡು ಅರಿಶಿನದ ಕುರ್ಕುಮಿನ್ ಮತ್ತು ಆಸಿಡ್ ತಗ್ಗಿಸುವ ಒಮೆಪ್ರಜೋಲ್ ಮಾತ್ರೆಯನ್ನು ಹೋಲಿಸಿದರು. ಎರಡರಿಂದಲೂ ಹೆಚ್ಚುಕಮ್ಮಿ ಒಂದೇ ತರಹ ಆರಾಮ ಸಿಕ್ಕಿತು. ನಮ್ಮ ಅಜ್ಜಿ ಊಟದ ಕೊನೆಗೆ ಶುಂಠಿ ಹಾಕಿದ ಮಜ್ಜಿಗೆ ಕೊಡುತ್ತಿದ್ದರು. ಅವರಿಗೆ ಮಿಲಿಗ್ರಾಂ ಗೊತ್ತಿರಲಿಲ್ಲ. ಯಾವ ಹೊತ್ತಿಗೆ ಏನು ಕೊಡಬೇಕು ಅನ್ನುವುದು ಚೆನ್ನಾಗಿ ಗೊತ್ತಿತ್ತು.

ಗಿಡ ಅಂದರೆ ಹಳೇ ಕಾಲದ್ದು, ಮಾತ್ರೆ ಅಂದರೆ ವಿಜ್ಞಾನ ಅನ್ನುವವರಿಗೆ ಒಂದು ಮಾತು. ಇವತ್ತು ಬೆಂಗಳೂರಿನ ಯಾವ ಬೀದಿಯ ಮೆಡಿಕಲ್ ಸ್ಟೋರಿಗೆ ಹೋದರೂ ಶುಗರ್‌ಗೆ ಮೊದಲು ಸಿಗುವ ಮಾತ್ರೆ ಮೆಟ್‌ಫಾರ್ಮಿನ್. ಅದರ ಮೂಲ ಗ್ಯಾಲೆಗಾ ಅನ್ನುವ ಯುರೋಪಿನ ಒಂದು ಗಿಡ. ಆ ಗಿಡದಲ್ಲಿದ್ದ ಗ್ಯಾಲೆಜಿನ್ ಸಕ್ಕರೆ ಇಳಿಸುತ್ತಿತ್ತು, ಆದರೆ ವಿಷವೂ ಆಗಿತ್ತು. ಅದರ ಹತ್ತಿರದ ಸಂಬಂಧಿಯಾದ ಮೆಟ್‌ಫಾರ್ಮಿನ್ನನ್ನು 1957ರಲ್ಲಿ ಫ್ರಾನ್ಸಿನ ವೈದ್ಯ ಜಾನ್ ಸ್ಟರ್ನ್ ಶುಗರ್‌ಗೆ ಕೊಟ್ಟು ವರದಿ ಮಾಡಿದರು. ಮೂತ್ರದಲ್ಲಿ ಸಕ್ಕರೆ ಹೊರಗೆ ಹಾಕುವ ಹೊಸ ಮಾತ್ರೆಗಳು ಇವೆಯಲ್ಲ, ಗ್ಲಿಫ್ಲೋಜಿನ್‌ಗಳು? ಅವುಗಳ ಮೂಲ 1835ರಲ್ಲಿ ಸೇಬಿನ ಮರದ ತೊಗಟೆಯಲ್ಲಿ ಸಿಕ್ಕಿದ ಫ್ಲೋರಿಜಿನ್. ಹೊಟ್ಟೆ ಹುಣ್ಣಿಗೆ ಇಂಗ್ಲೆಂಡಿನಲ್ಲಿ 1960ರ ದಶಕದಲ್ಲಿ ಬಂದ ಕಾರ್ಬೆನೊಕ್ಸೊಲೋನ್ ಹುಟ್ಟಿದ್ದು ನಮ್ಮ ಅತಿಮಧುರದ ಬೇರಿನಿಂದ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತೇವೆ. ಇನ್ನೊಬ್ಬರ ಹಿತ್ತಲ ಗಿಡವನ್ನು ಮಾತ್ರೆ ಮಾಡಿ ಕೊಟ್ಟರೆ ಮೂರು ಹೊತ್ತೂ ನುಂಗುತ್ತೇವೆ.

ಇನ್ನು ಡಾಕ್ಟರರ ಕೈಯಲ್ಲಿ ಈಗ ಏನಿದೆ ಅಂತಲೂ ನೋಡಿ. ಆಸಿಡ್ ತಗ್ಗಿಸುವ ಪ್ಯಾಂಟೊಪ್ರಜೋಲ್ ಇದೆ. ಒಳ್ಳೆಯ ಮದ್ದು, ಸಂಶಯವಿಲ್ಲ. ಆದರೆ ಅದು ಶತ್ರುವನ್ನು ತಡೆಯುತ್ತದೆ, ಕೋಟೆ ಕಟ್ಟುವುದಿಲ್ಲ. ಹೊಟ್ಟೆಯ ಚಲನೆಯೇ ನಿಧಾನವಾದವರಿಗೆ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್.ಡಿ.ಎ. ಒಪ್ಪಿದ ಮದ್ದು ಮೆಟೊಕ್ಲೊಪ್ರಮೈಡ್ ಒಂದೇ. ಮುಖ, ನಾಲಿಗೆ ತಾವಾಗೇ ಅಲುಗಾಡುವ, ವಾಸಿಯಾಗದೇ ಉಳಿಯಬಹುದಾದ ತೊಂದರೆ ಬರುತ್ತದೆ ಅಂತ ಅದನ್ನೂ 12 ವಾರಕ್ಕಿಂತ ಜಾಸ್ತಿ ಕೊಡಬೇಡಿ ಅಂತ ಅವರೇ ಎಚ್ಚರಿಸಿದ್ದಾರೆ. ಶುಗರ್ ಇರುವುದು 12 ವಾರ ಅಲ್ಲ, ಬದುಕಿರುವ ತನಕ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ 2023ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ದೇಶದಲ್ಲಿ 10.1 ಕೋಟಿ ಜನರಿಗೆ ಶುಗರ್ ಇದೆ. ಇಷ್ಟು ಜನರ ಹೊಟ್ಟೆಯನ್ನು ವರ್ಷಗಟ್ಟಲೆ ಕಾಯಬಲ್ಲ, ಕಮ್ಮಿ ಖರ್ಚಿನ ಒಂದು ವಸ್ತು ಗಿಡದಲ್ಲಿ ಇರಬಹುದು ಅಂತ ಗೊತ್ತಿದ್ದೂ ಸುಮ್ನೆ ಇರುವುದು ಹೇಗೆ?

ಈ ಕೆಲಸ ಮಾಡಲು ಬೆಂಗಳೂರಿಗಿಂತ ಒಳ್ಳೆಯ ಊರು ಬೇಕಾ? 1993ರಲ್ಲಿ ಇಲ್ಲೇ ಶುರುವಾದ ಎಫ್.ಆರ್.ಎಲ್.ಎಚ್.ಟಿ. ಅನ್ನುವ ಸಂಸ್ಥೆ ಯಲಹಂಕದ ಕಡೆ ಔಷಧಿ ಗಿಡಗಳ ತೋಟ ಮಾಡಿದೆ, ಒಣಗಿಸಿದ ಗಿಡಗಳ ದೊಡ್ಡ ಸಂಗ್ರಹ ಇಟ್ಟಿದೆ. ಧನ್ವಂತರಿ ರಸ್ತೆಯಲ್ಲಿ ಸರ್ಕಾರಿ ಆಯುರ್ವೇದ ಕಾಲೇಜು ಇದೆ. ಶುಗರ್ ರೋಗಿಗಳಿಗಾಗಿಯೇ ಸರ್ಕಾರಿ ಸಂಸ್ಥೆ ಇದೆ. ಭಾರತೀಯ ವಿಜ್ಞಾನ ಸಂಸ್ಥೆ ಇದೆ. ಗಿಡ ಬಲ್ಲವರು, ರೋಗಿಯನ್ನು ಬಲ್ಲವರು, ಕಣವನ್ನು ಬಲ್ಲವರು, ಎಲ್ಲರೂ ಒಂದೇ ಬಸ್ ಪಾಸಿನಲ್ಲಿ ತಲುಪುವಷ್ಟು ದೂರದಲ್ಲಿದ್ದಾರೆ. ಒಂದು ಗಿಡ, ಒಂದು ಗೊತ್ತಾದ ಪ್ರಮಾಣ, ಶುಗರ್ ಇರುವ ನೂರಿನ್ನೂರು ಜನ, ಒಂದು ವರ್ಷ, ಮೊದಲೊಮ್ಮೆ ಕೊನೆಗೊಮ್ಮೆ ಎಂಡೋಸ್ಕೋಪಿ. ನಾನು ಕೇಳುತ್ತಿರುವುದು ಇಷ್ಟೇ. ಇಲಿಯ ಹೊಟ್ಟೆಯಲ್ಲಿ ಕಂಡ ಆ ಗುಲಾಬಿ ಬಣ್ಣ ಮನುಷ್ಯರಲ್ಲೂ ಉಳಿಯುತ್ತದೆಯೇ ಅಂತ ನೋಡುವ ಹಂಬಲ ನನಗೆ ಇನ್ನೂ ಹೋಗಿಲ್ಲ.

ವಿರೋಧ: ಲೋಟದಲ್ಲಿರುವುದು ಆ ಸಾರ ಅಲ್ಲ, ಹೊಟ್ಟೆಯೂ ಆ ಹೊಟ್ಟೆ ಅಲ್ಲ

ಒಂದು ಭಾನುವಾರ ಬೆಳಿಗ್ಗೆ ಅಮ್ಮ ವಾಂತಿ ಮಾಡಿಕೊಂಡರು. ಬಚ್ಚಲಿಗೆ ನೀರು ಸುರಿಯುವ ಮುಂಚೆ ನನ್ನ ಕಣ್ಣಿಗೆ ಬಿತ್ತು. ಹಿಂದಿನ ರಾತ್ರಿಯ ಹುರುಳಿಕಾಯಿ ಪಲ್ಯ, ಹೆಚ್ಚಿದ ಚೂರು ಹೆಚ್ಚಿದ ಹಾಗೇ ಇತ್ತು. ಅದರ ನಡುವೆ ಹಳದಿ ಹಳದಿಯಾಗಿ ಊದಿಕೊಂಡ ಮೆಂತ್ಯದ ಕಾಳುಗಳು. ಮೆಂತ್ಯ ನುಂಗಿದ್ದು ಹಿಂದಿನ ದಿನ ಬೆಳಿಗ್ಗೆ. ಒಂದು ಹಗಲು ಒಂದು ರಾತ್ರಿ ಅವು ಹೊಟ್ಟೆಯಲ್ಲೇ ಕೂತಿದ್ದವು.

ಆಗ ನನಗೆ ನಾನು ಓದಿದ್ದೆಲ್ಲ ಒಟ್ಟಿಗೆ ನೆನಪಾಯಿತು. ಒಂದು ವರ್ಷದಿಂದ ಅಮ್ಮ ಹೇಳುತ್ತಿದ್ದದ್ದೂ ನೆನಪಾಯಿತು. "ಹೊಟ್ಟೆ ಕಲ್ಲಿನ ಹಾಗಿದೆ ಕಣೋ, ಒಂದು ಇಡ್ಲಿ ತಿಂದರೂ ಮಧ್ಯಾಹ್ನದ ತನಕ ತೇಗು." ನಾವೆಲ್ಲ ಗ್ಯಾಸ್ಟ್ರಿಕ್ ಅಂದೆವು. ಅಂಗಡಿಯವನೊಬ್ಬ ಹೊಟ್ಟೆಗೂ ಶುಗರ್‌ಗೂ ಸೇರಿ ಒಂದು ಪುಡಿ ಕೊಟ್ಟ. ಡಬ್ಬಿಯ ಮೇಲೆ ಹದಿನೆಂಟು ಗಿಡಗಳ ಹೆಸರು ಇತ್ತು. ಯಾವುದು ಎಷ್ಟು ಅಂತ ಇರಲಿಲ್ಲ.

ಆರೋಗ್ಯವಾದ ಹೊಟ್ಟೆ ನಿಮಿಷಕ್ಕೆ ಮೂರು ಸಲ ಹಿಂಡುತ್ತದೆ. ತಾಳ ಹಾಕಿದ ಹಾಗೆ. ಆ ತಾಳ ಹಾಕುವವು ಕಹಾಲ್ ಕೋಶಗಳು, ಸ್ಪೇನಿನ ವಿಜ್ಞಾನಿ ರಾಮೋನ್ ಇ ಕಹಾಲ್ ಹೆಸರಿನವು. ಮಿದುಳಿನಿಂದ ಹೊಟ್ಟೆಗೆ ಬರುವ ವೇಗಸ್ ನರ ಅವನ್ನು ನಡೆಸುತ್ತದೆ. ಶುಗರ್ ಹಲವು ವರ್ಷ ಹಿಡಿತ ತಪ್ಪಿದರೆ ಪಾದದ ನರ ಜೋಮು ಹಿಡಿಯುವ ಹಾಗೆ ಈ ನರವೂ ಸೊರಗಬಹುದು, ಕಹಾಲ್ ಕೋಶಗಳೂ ಕಮ್ಮಿಯಾಗಬಹುದು. ಆಗ ಹೊಟ್ಟೆ ಹಿಂಡುವುದನ್ನೇ ಮರೆಯುತ್ತದೆ. ಇದಕ್ಕೆ ಗ್ಯಾಸ್ಟ್ರೋಪರೆಸಿಸ್ ಅನ್ನುತ್ತಾರೆ. ಇಲ್ಲಿ ಹುಣ್ಣು ಇಲ್ಲ, ಗೀರು ಇಲ್ಲ. ನನ್ನ ಮೇಣದ ಹಲಗೆಯ ಮೇಲೆ ಹರಡಿದರೆ ಒಳಮೈ ಗುಲಾಬಿಯಾಗಿಯೇ ಕಾಣಬಹುದು. ನಾನು ತಿಂಗಳುಗಟ್ಟಲೆ ಅಳೆದದ್ದಕ್ಕೂ ಅಮ್ಮನ ಹೊಟ್ಟೆಯಲ್ಲಿ ನಡೆದದ್ದಕ್ಕೂ ಸಂಬಂಧವೇ ಇರಲಿಲ್ಲ.

ಈಗ ಮೆಂತ್ಯದ ವಿಷಯಕ್ಕೆ ಬನ್ನಿ. ಮೆಂತ್ಯ ಶುಗರ್‌ಗೆ ಒಳ್ಳೆಯದು ಅನ್ನುವುದು ಸುಳ್ಳಲ್ಲ. ಅದರ ಲೋಳೆಯಾಗುವ ನಾರು ಊಟವನ್ನು ಹೊಟ್ಟೆಯಲ್ಲಿ ಸ್ವಲ್ಪ ಹೊತ್ತು ಹಿಡಿದಿಡುತ್ತದೆ. ಸಕ್ಕರೆ ನಿಧಾನಕ್ಕೆ ರಕ್ತಕ್ಕೆ ಇಳಿಯುತ್ತದೆ, ಊಟದ ನಂತರ ಶುಗರ್ ದಿಢೀರನೆ ಏರುವುದಿಲ್ಲ. ಆದರೆ ಹೊಟ್ಟೆ ಮೊದಲೇ ನಿಧಾನವಾಗಿರುವವರಿಗೆ ಇನ್ನೂ ನಿಧಾನ ಮಾಡುವ ವಸ್ತು ಕೊಟ್ಟರೆ? ಇಂಥವರಿಗೆ ನಾರು ಕಮ್ಮಿ ಇರುವ, ನುಣ್ಣಗಿನ ಊಟ ಹೇಳುತ್ತಾರೆ. ನಾರು ಉಂಡೆ ಕಟ್ಟಿ ಹೊಟ್ಟೆಯಲ್ಲೇ ಗಟ್ಟಿಯಾಗುವುದೂ ಉಂಟು. ಒಂದೇ ಕಾಳು ಒಬ್ಬರಿಗೆ ಮದ್ದು, ಇನ್ನೊಬ್ಬರಿಗೆ ಅಡ್ಡಿ. ಲೋಟ ಕೈಗೆ ಕೊಡುವವರಿಗೆ ನೀವು ಯಾರು ಅಂತ ಗೊತ್ತಿರುತ್ತದಾ? ನಿಮಗೇ ಗೊತ್ತಿರುತ್ತದಾ?

ಇದಕ್ಕಿಂತ ನನ್ನನ್ನು ಹೆದರಿಸಿದ್ದು ಇನ್ನೊಂದು ದಿನ. ಅಮ್ಮ ಗ್ಲಿಮೆಪಿರೈಡ್ ಮಾತ್ರೆ ತಗೊಂಡು, ಲಾಲ್‌ಬಾಗಿನಲ್ಲಿ ಹಾಗಲ ರಸ ಕುಡಿದು, ಮನೆಗೆ ಬಂದು ಎರಡು ಇಡ್ಲಿ ತಿಂದಿದ್ದರು. ಮಾತ್ರೆ ತನ್ನ ಹೊತ್ತಿಗೆ ಸಕ್ಕರೆ ಇಳಿಸಿತು. ಹಾಗಲವೂ ತನ್ನ ಕೈ ಸೇರಿಸಿರಬೇಕು. ಇಡ್ಲಿ ಮಾತ್ರ ಹೊಟ್ಟೆಯಿಂದ ಕೆಳಗಿಳಿಯಲೇ ಇಲ್ಲ. ಹನ್ನೊಂದು ಗಂಟೆಗೆ ಮೈಯೆಲ್ಲ ಬೆವತು, ಕೈ ನಡುಗಿ, ಮಾತು ತೊದಲಿತು. ಗ್ಲುಕೋಮೀಟರಿನಲ್ಲಿ 52. ಬೆಲ್ಲದ ನೀರು ಕುಡಿಸಿದೆ. ಅದೂ ನಿಧಾನವಾದ ಹೊಟ್ಟೆಯಿಂದಲೇ ಇಳಿಯಬೇಕಲ್ಲ. ಆ ಇಪ್ಪತ್ತು ನಿಮಿಷ ನಾನು ಅಮ್ಮನ ಪಕ್ಕ ಕೂತು ಎಣಿಸಿದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ಮಧ್ಯಾಹ್ನ ಎರಡಕ್ಕೆ ಇಡ್ಲಿಯೂ ಬೆಲ್ಲವೂ ಒಟ್ಟಿಗೆ ಇಳಿದಿರಬೇಕು, ಶುಗರ್ 280 ದಾಟಿತ್ತು.

ಈಗ ನನ್ನದೇ ಲ್ಯಾಬಿನ ಕೆಲಸವನ್ನು ನಾನೇ ಕೆದಕುತ್ತೇನೆ. ಮೇಲೆ ಬರೆದ ಒಂದೊಂದು ಮಾತೂ ನಿಜ. ಆದರೆ ಆ ಇಲಿಗೆ ಶುಗರ್ ಬಂದದ್ದು ಹೇಗೆ? ಸ್ಟ್ರೆಪ್ಟೊಜೊಟೊಸಿನ್ ಅನ್ನುವ ಮದ್ದಿನ ಒಂದು ಸೂಜಿಯಿಂದ. ಅದು ಇನ್ಸುಲಿನ್ ಮಾಡುವ ಕೋಶಗಳನ್ನು ಎರಡು ಮೂರು ದಿನದಲ್ಲಿ ಸಾಯಿಸುತ್ತದೆ. ನಮ್ಮ ಮನೆಗಳ ಶುಗರ್ ಹಾಗೆ ಬರುವುದಿಲ್ಲ. ಅನ್ನ, ಕುರ್ಚಿ, ನಿದ್ದೆಗೇಡು, ಅಪ್ಪ ಅಮ್ಮನಿಂದ ಬಂದದ್ದು, ಎಲ್ಲ ಸೇರಿ ಇಪ್ಪತ್ತು ವರ್ಷ ಮೆಲ್ಲಗೆ ಬರುತ್ತದೆ. ಇಲಿಯ ಹೊಟ್ಟೆಗೆ ಗಾಯ ಮಾಡಿದ್ದು ಯಾವುದರಿಂದ? ನೀರು ಬೆರೆಸದ ಆಲ್ಕೋಹಾಲಿನಿಂದ. ನನ್ನ ಅಮ್ಮ ಬದುಕಿನಲ್ಲಿ ಅದರ ವಾಸನೆಯನ್ನೂ ನೋಡಿಲ್ಲ. ಸಾರ ಕೊಟ್ಟಿದ್ದು ಯಾವಾಗ? ಗಾಯಕ್ಕೆ ಮುಂಚೆ. ಗೇಟಿನ ಹೊರಗೆ ಕುಡಿಯುವವರಿಗೆ ಗಾಯ ಆಗಲೇ ಆಗಿದೆ. ಒಂದೊಂದು ಗುಂಪಿನಲ್ಲಿ ಇಲಿಗಳು ಆರೇ ಆರು.

ಇನ್ನೂ ಒಂದು ಸೂಕ್ಷ್ಮ ಇದೆ. ಇದನ್ನು ಲ್ಯಾಬಿನವರೂ ಮರೆಯುತ್ತಾರೆ. ಹೊಟ್ಟೆಯ ಗೋಡೆಯನ್ನು ಹೀಗೆ ಕಾಪಾಡುವುದಕ್ಕೆ ಸೈಟೊಪ್ರೊಟೆಕ್ಷನ್ ಅಂತ 1970ರ ದಶಕದಲ್ಲಿ ಹೆಸರು ಕೊಟ್ಟವರು ಆಂದ್ರೆ ರಾಬರ್ಟ್ ಅನ್ನುವ ವಿಜ್ಞಾನಿ. ಅವರೇ ಆಮೇಲೆ ಇನ್ನೊಂದನ್ನು ತೋರಿಸಿದರು. ಮೊದಲು ತೆಳುವಾದ ಆಲ್ಕೋಹಾಲ್ ಕೊಟ್ಟು, ಆಮೇಲೆ ಗಟ್ಟಿ ಆಲ್ಕೋಹಾಲ್ ಕೊಟ್ಟರೂ ಇಲಿಯ ಹೊಟ್ಟೆಗೆ ಗಾಯ ಕಮ್ಮಿ! ಅಂದರೆ ಹೊಟ್ಟೆಯನ್ನು ಸ್ವಲ್ಪ ಕೆರಳಿಸಿದರೂ ಸಾಕು, ಅದು ಪ್ರೊಸ್ಟಗ್ಲ್ಯಾಂಡಿನ್ ಸುರಿಸಿ ತನ್ನನ್ನು ತಾನೇ ಗಟ್ಟಿ ಮಾಡಿಕೊಳ್ಳುತ್ತದೆ. ಹಾಗಾದರೆ ನನ್ನ ಬೇವಿನ ಸಾರ ಹೊಟ್ಟೆಯನ್ನು ಕಾಪಾಡಿತೋ, ಇಲ್ಲ ಬರೀ ಕೆರಳಿಸಿತೋ? ನಾನು ಮಾಡಿದ ಪ್ರಯೋಗದಲ್ಲಿ ಇವೆರಡನ್ನೂ ಬೇರೆ ಮಾಡಿ ನೋಡುವ ದಾರಿಯೇ ಇರಲಿಲ್ಲ. ನನ್ನ ಪ್ರಬಂಧದಲ್ಲಿ "ರಕ್ಷಣೆ" ಅಂತ ಬರೆದೆ. ಇವತ್ತು ಬರೆದರೆ ಆ ಪದದ ಪಕ್ಕದಲ್ಲೇ ಈ ಸಂಶಯವನ್ನೂ ಬರೆಯುತ್ತೇನೆ.

ಪ್ರಮಾಣದ ಲೆಕ್ಕವನ್ನೂ ಒಂದು ಸಲ ಮಾಡಿಬಿಡೋಣ. ಇಲಿಗೆ ಕಿಲೋ ತೂಕಕ್ಕೆ 200 ಮಿಲಿಗ್ರಾಂ ಸಾರ ಕೊಟ್ಟೆವು ಅನ್ನಿ. ಮೈಯ ಮೇಲ್ಮೈ ಲೆಕ್ಕದಲ್ಲಿ ಮನುಷ್ಯರಿಗೆ ಅದು ಕಿಲೋಗೆ ಸುಮಾರು 32 ಮಿಲಿಗ್ರಾಂ. 60 ಕಿಲೋ ತೂಗುವವರಿಗೆ ದಿನಕ್ಕೆ ಹತ್ತಿರ ಹತ್ತಿರ 2 ಗ್ರಾಂ. ಇದು ಎಲೆಯಲ್ಲ, ಸಾರ. ಒಣ ಎಲೆಯ ಹತ್ತರಲ್ಲೊಂದು ಭಾಗ ಸಾರ ಬಂತು ಅಂದುಕೊಂಡರೂ ದಿನಾ 20 ಗ್ರಾಂ ಒಣ ಎಲೆ ಬೇಕು. ಅದನ್ನು ಲ್ಯಾಬಿನಲ್ಲಿ ತೆಗೆದದ್ದು ಮೆಥನಾಲಿನಲ್ಲಿ ನೆನೆಸಿ, ಆಮೇಲೆ ಮೆಥನಾಲನ್ನು ಆರಿಸಿ. ನೀರಿನಲ್ಲಿ ರುಬ್ಬಿದ ರಸದಲ್ಲಿ ಬರುವುದೇ ಬೇರೆ, ಮೆಥನಾಲಿಗೆ ಬರುವುದೇ ಬೇರೆ. ಪೇಪರಿನಲ್ಲಿ "ಬೇವು ಹೊಟ್ಟೆಗೆ ಒಳ್ಳೆಯದು" ಅಂತ ಒಂದು ಸಾಲು ಬಂದರೆ, ಓದಿದವರು ಎಲೆ ಕಿತ್ತು ಮಿಕ್ಸಿಗೆ ಹಾಕುತ್ತಾರೆ. ಕೋಲ್ಕತ್ತಾದವರು ಕೊಟ್ಟದ್ದು ತೊಗಟೆಯ ಸಾರ, ಅದೂ 30 ಮಿಲಿಗ್ರಾಂ. ಬನಾರಸಿನವರು ಕೊಟ್ಟ ಬ್ರಾಹ್ಮಿ ನೀರುಬ್ರಾಹ್ಮಿ. ನಮ್ಮ ಕಡೆ ಬ್ರಾಹ್ಮಿ ಅಂದರೆ ಒಂದೆಲಗ ತಂದುಕೊಡುತ್ತಾರೆ. ಅದು ಬೇರೆಯೇ ಗಿಡ. ತಂಬುಳಿಗೆ ಚೆನ್ನಾಗಿರುತ್ತದೆ, ಮಾಡಿಕೊಂಡು ತಿನ್ನಿ. ಆದರೆ ಆ ಪ್ರಯೋಗದ ಫಲ ಅದರಿಂದ ಬರುತ್ತದೆ ಅನ್ನಬೇಡಿ.

ಗಿಡ ಅಂದಮೇಲೆ ಸೈಡ್ ಎಫೆಕ್ಟ್ ಇಲ್ಲ ಅನ್ನುವ ಮಾತು ಕೇಳಿದರೆ ನನಗೆ ಈಗ ನಿಜಕ್ಕೂ ಸಿಟ್ಟು ಬರುತ್ತದೆ. 2010ರಲ್ಲಿ ದೆಹಲಿಯಲ್ಲಿ ಒಬ್ಬ ವಿಜ್ಞಾನಿ ಕಹಿಯಾದ ಸೋರೆಕಾಯಿ ರಸ ಕುಡಿದು ತೀರಿಕೊಂಡರು. ವೈದ್ಯಕೀಯ ಸಂಶೋಧನಾ ಮಂಡಳಿ ಸಮಿತಿ ಮಾಡಿ ವಿಚಾರಿಸಿತು. ಸೋರೆ ಕಹಿಯಾಗಿದ್ದರೆ ಅದರಲ್ಲಿ ಕುಕುರ್ಬಿಟಾಸಿನ್ ಜಾಸ್ತಿ ಇರುತ್ತದೆ. ಅದು ಹೊಟ್ಟೆಯ ಒಳಗೋಡೆಯನ್ನೇ ಸುಲಿಯುತ್ತದೆ, ರಕ್ತವಾಂತಿ ಆಗುತ್ತದೆ. ಹೊಟ್ಟೆ ಕಾಪಾಡಲಿ ಅಂತ ಕುಡಿದದ್ದು ಹೊಟ್ಟೆಯನ್ನೇ ಸುಡುತ್ತದೆ. ಗೇಟಿನ ಹೊರಗೆ ಹಾಗಲದ ಕಹಿಯ ಜೊತೆ ಸೋರೆಯನ್ನೂ ಬೆರೆಸಿಕೊಡುತ್ತಾರೆ. ಸೋರೆ ಕಹಿಯೋ ಸಿಹಿಯೋ ಅಂತ ಆ ಲೋಟದಲ್ಲಿ ಯಾರ ನಾಲಿಗೆಗೆ ಗೊತ್ತಾಗಬೇಕು ಹೇಳಿ? ಮನೆಯಲ್ಲಿ ಮಾಡುವುದಾದರೂ ಮೊದಲು ಒಂದು ಚೂರು ಬಾಯಿಗೆ ಹಾಕಿ ನೋಡಿ. ಕಹಿ ಇದ್ದರೆ ಇಡೀ ಕಾಯಿ ಎಸೆಯಿರಿ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಕುಡಿದು ಲಿವರ್ ಊದಿಕೊಂಡವರ ಬಗ್ಗೆ ಮುಂಬೈ ವೈದ್ಯರು 2021ರಲ್ಲಿ ಬರೆದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಮಾರನೇ ವರ್ಷ ಬೇರೆ ಬೇರೆ ಊರುಗಳ ಆಸ್ಪತ್ರೆಗಳಿಂದ ಇನ್ನಷ್ಟು ಕೇಸು ಸೇರಿದವು. ಅತಿಮಧುರ ಜಾಸ್ತಿ ದಿನ ತಿಂದರೆ ಬಿ.ಪಿ. ಏರುತ್ತದೆ, ಪೊಟ್ಯಾಶಿಯಂ ಇಳಿಯುತ್ತದೆ. ಕಾರ್ಬೆನೊಕ್ಸೊಲೋನ್ ಹಿಂದೆ ಸರಿದದ್ದಕ್ಕೆ ಇದೂ ಒಂದು ಕಾರಣ. ಶುಗರ್ ಇರುವ ಎಷ್ಟು ಜನರಿಗೆ ಬಿ.ಪಿ. ಇಲ್ಲ? 2004ರಲ್ಲಿ ಅಮೆರಿಕದ ಬಾಸ್ಟನ್ ಅಂಗಡಿಗಳಿಂದ ತಂದ 70 ಆಯುರ್ವೇದ ಔಷಧಿಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ಎಲ್ಲಾ ದಕ್ಷಿಣ ಏಷ್ಯಾದಲ್ಲಿ ತಯಾರಾದವು. ಗಿಡದ್ದು ತಪ್ಪಲ್ಲ, ಡಬ್ಬಿಯೊಳಗೆ ಏನಿದೆ ಅಂತ ನೋಡುವವರಿಲ್ಲದ್ದು ತಪ್ಪು.

ಶುಗರ್ ಗುಣ ಮಾಡುತ್ತೇವೆ ಅಂತ ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೇ ತಡೆಯುತ್ತದೆ. ನಮ್ಮ ಆಟೋಗಳ ಬೆನ್ನ ಮೇಲೆ, ಫ್ಲೈಓವರಿನ ಕಂಬಗಳ ಮೇಲೆ ನೋಡಿ.

ಇಷ್ಟಾಗಿಯೂ ಗಿಡದ ಮೇಲೆ ನನ್ನ ದೊಡ್ಡ ದೂರು ವಿಷದ್ದಲ್ಲ, ಹೊತ್ತಿನದು. ಅಮ್ಮ ಪುಡಿ ನಂಬಿಕೊಂಡು ಒಂದು ವರ್ಷ ಕಳೆದರು. ಆ ವರ್ಷ ಯಾರೂ ಎಂಡೋಸ್ಕೋಪಿ ಮಾಡಲಿಲ್ಲ. ಹುಳಿತೇಗು ಅಂದರೆ ಹೆಲಿಕೊಬ್ಯಾಕ್ಟರ್ ಬ್ಯಾಕ್ಟೀರಿಯಾ ಇರಬಹುದು, ಅದಕ್ಕೆ ಎರಡು ವಾರದ ಆ್ಯಂಟಿಬಯೋಟಿಕ್ ಸಾಕಾಗುತ್ತದೆ. ಹೊಟ್ಟೆ ಕೆಡುವುದು ಮೆಟ್‌ಫಾರ್ಮಿನ್ನಿಂದಲೇ ಇರಬಹುದು, ಡಾಕ್ಟರರು ಮಾತ್ರೆ ಬದಲಿಸಿದರೆ ಸರಿಹೋಗುತ್ತದೆ. ಮಂಡಿ ನೋವಿಗೆ ನುಂಗುವ ಮಾತ್ರೆಯಿಂದ ಹುಣ್ಣಾಗಿರಬಹುದು. ಕ್ಯಾನ್ಸರ್ ಕೂಡ ಇರಬಹುದು. ಇಷ್ಟೂ ಬೇರೆ ಬೇರೆ ಕಾಯಿಲೆಗಳಿಗೆ ಒಂದೇ ಲೋಟ ಹೇಗೆ ಸಾಕಾಗುತ್ತದೆ?

ಕೊನೆಗೆ ಎಂಡೋಸ್ಕೋಪಿ ಮಾಡಿಸಿದೆವು. ಹನ್ನೆರಡು ಗಂಟೆ ಉಪವಾಸ ಇದ್ದರೂ ಕ್ಯಾಮೆರಾಗೆ ಕಂಡದ್ದು ಅನ್ನದ ಅಗುಳು. ಆಮೇಲೆ ಸ್ವಲ್ಪ ವಿಕಿರಣ ಸೇರಿಸಿದ ಊಟ ಕೊಟ್ಟು ನಾಲ್ಕು ಗಂಟೆ ಹೊಟ್ಟೆಯ ಚಿತ್ರ ತೆಗೆದರು. ನಾಲ್ಕು ಗಂಟೆಗೆ ಹೊಟ್ಟೆಯಲ್ಲಿ ಶೇ 10ಕ್ಕಿಂತ ಜಾಸ್ತಿ ಉಳಿಯಬಾರದು. ಅಮ್ಮನಿಗೆ ಮೂರರಲ್ಲೊಂದು ಭಾಗ ಉಳಿದಿತ್ತು.

ಈಗ ಅಮ್ಮ ದಿನಕ್ಕೆ ಐದಾರು ಸಲ ಸ್ವಲ್ಪ ಸ್ವಲ್ಪ ತಿನ್ನುತ್ತಾರೆ. ರಾಗಿ ಗಂಜಿ, ಮೆತ್ತಗೆ ಮಾಡಿದ ಬೇಳೆ ಅನ್ನ, ಸೋಸಿದ ಸಾರು. ಊಟ ಆದಮೇಲೆ ಕೃಷ್ಣರಾವ್ ಪಾರ್ಕಿನಲ್ಲಿ ಎರಡು ಸುತ್ತು. ಮಾತ್ರೆಯ ಹೊತ್ತನ್ನು ಡಾಕ್ಟರರು ಬದಲಿಸಿದ್ದಾರೆ. ಮಜ್ಜಿಗೆಗೆ ಶುಂಠಿ ಹಾಕಬಹುದಾ ಅಂತ ಅಮ್ಮನೇ ಕೇಳಿದರು. "ಹಾಕಿ, ಆದರೆ ತಿನ್ನೋದು ಕುಡಿಯೋದು ಎಲ್ಲಾ ಒಂದು ನೋಟ್‌ಬುಕ್ಕಿನಲ್ಲಿ ಬರೆದು ತನ್ನಿ" ಅಂದರು ಡಾಕ್ಟರರು.

ಮೊನ್ನೆ ಆ ನೋಟ್‌ಬುಕ್ ನೋಡಿದೆ. ಅಮ್ಮನ ದುಂಡನೆಯ ಅಕ್ಷರ. ಶುಂಠಿ ಮಜ್ಜಿಗೆ, ಅರ್ಧ ಲೋಟ, ತೇಗು ಕಮ್ಮಿ. ಹಾಗಲ ರಸ, ಇಲ್ಲ. ಡಬ್ಬಿ ಪುಡಿ, ಇಲ್ಲ. ಮೆಂತ್ಯದ ಮುಂದೆ ಮಾತ್ರ ಮೊದಲು "ಒಂದು ಚಮಚ" ಅಂತ ಬರೆದು, ಹೊಡೆದು ಹಾಕಿ, ಪಕ್ಕದಲ್ಲಿ "ಮಗು ಬೇಡ ಅಂತು" ಅಂತ ಬರೆದಿದ್ದರು.